ಹೊಸ ಕಂಪ್ಯೂಟರ್‌ಗೆ ಯಾರೇ ಲಾಗಿನ್ ಆದರೂ ಪ್ರೈವಸಿ ಸ್ಕ್ರೀನ್ ಬರುತ್ತಿದೆ, ತೆಗೆಯುವುದು ಹೇಗೆ?

ಪೀಣ್ಯದ ಅಡ್ಮಿನ್:
ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಐಟಿ ನೋಡಿಕೊಳ್ಳುತ್ತೇನೆ. ಐಟಿ ಅಂದರೆ ನಾನು, ಇನ್ನೊಬ್ಬ ಹುಡುಗ, ಒಂದು ಸ್ಕ್ರೂಡ್ರೈವರ್ ಸೆಟ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತಿತಲ್ವಾ, ನಮ್ಮ ಮ್ಯಾನೇಜ್‌ಮೆಂಟ್‌ನವರು ಅದೆಲ್ಲ ಮುಗಿದ ಮೇಲೆ ಎಚ್ಚೆತ್ತು ಈಗ 140 ಹೊಸ ಮಷೀನ್ ತಂದು ಸ್ಟೋರ್ ರೂಮಲ್ಲಿ ಪೇರಿಸಿದ್ದಾರೆ. ಎಲ್ಲವೂ ವಿಂಡೋಸ್ 11 ಪ್ರೊ.

ಎಂಡಿಟಿ (ತುಂಬಾ ಮಷೀನ್‌ಗೆ ವಿಂಡೋಸ್ ಹಾಕುವ ಮೈಕ್ರೋಸಾಫ್ಟ್ ಟೂಲ್) ಇಟ್ಟುಕೊಂಡು ಪೆನ್‌ಡ್ರೈವ್‌ನಿಂದ ಇಮೇಜ್, ಅಂದರೆ ವಿಂಡೋಸ್‌ನ ಸಿದ್ಧ ಪ್ರತಿ, ಹಾಕುತ್ತಿದ್ದೇನೆ. ಸೆಟಪ್ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಡುವ ಆನ್ಸರ್ ಫೈಲಿನಲ್ಲಿ ಲೈಸೆನ್ಸ್ ಪುಟ, ವೈಫೈ ಪುಟ, ಆನ್‌ಲೈನ್ ಅಕೌಂಟ್ ಪುಟ ಎಲ್ಲ ಹೈಡ್ ಮಾಡಿದ್ದೇನೆ. ಪ್ರೊಟೆಕ್ಟ್ ಯುವರ್ ಪಿಸಿ ಅನ್ನುವುದಕ್ಕೆ 3 ಕೊಟ್ಟಿದ್ದೇನೆ. ಇನ್‌ಸ್ಟಾಲ್ ಆಗುವಾಗ ಏನೂ ಕೇಳುವುದಿಲ್ಲ, ಸೀದಾ ಡೆಸ್ಕ್‌ಟಾಪ್‌ಗೆ ಹೋಗುತ್ತದೆ. ಆದರೆ ಡೊಮೈನ್‌ಗೆ (ಕಂಪನಿಯ ಎಲ್ಲ ಲಾಗಿನ್ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಸೇರಿಸಿ ಟೇಬಲ್ ಮೇಲಿಟ್ಟು ಬಂದ ಮೇಲೆ, ಆ ಟೇಬಲ್‌ನವರು ಮೊದಲ ಸಲ ಲಾಗಿನ್ ಆದಾಗ ನೀಲಿ ಸ್ಕ್ರೀನ್ ಬರುತ್ತದೆ. ಲೊಕೇಶನ್ ಬೇಕಾ, ಫೈಂಡ್ ಮೈ ಡಿವೈಸ್ ಬೇಕಾ, ಡಯಾಗ್ನೋಸ್ಟಿಕ್ ಡೇಟಾ ಕಳಿಸಲಾ, ಟೈಪಿಂಗ್ ಮಾಹಿತಿ, ಟೇಲರ್ಡ್ ಎಕ್ಸ್‌ಪೀರಿಯನ್ಸ್ (ನಮ್ಮ ಬಳಕೆ ನೋಡಿ ಸಲಹೆ ಕೊಡುವುದು), ಜಾಹೀರಾತು ಐಡಿ... ಸಾಲಾಗಿ.

ನಿನ್ನೆ ಅಕೌಂಟ್ಸ್ ಮೇಡಂ ಫೋನ್ ಮಾಡಿ, "ಸರ್, ಕಂಪ್ಯೂಟರ್ ಏನೋ ಒಪ್ಪಿಗೆ ಕೇಳ್ತಾ ಇದೆ, ಒತ್ತಿದರೆ ಸಂಬಳದಲ್ಲಿ ಏನಾದ್ರೂ ಕಟ್ ಆಗುತ್ತಾ?" ಅಂದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಸ್ಟೋರ್ಸ್‌ನಲ್ಲಿ ಒಂದೇ ಕಂಪ್ಯೂಟರನ್ನು ಮೂರು ಶಿಫ್ಟ್‌ನವರು ಬಳಸುತ್ತಾರೆ, ಅಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಬರುತ್ತಿದೆ. ಯಾರಾದರೂ ದಾರಿ ತೋರಿಸಿ.

ಕರಾವಳಿಯವ:
ಒಪ್ಪಿ ಮುಂದೆ ಹೋಗಲು ಹೇಳಿ ಮಾರಾಯ್ರೆ. ಹತ್ತು ಸೆಕೆಂಡಿನ ಕೆಲಸ.

ಪೀಣ್ಯದ ಅಡ್ಮಿನ್:
140 ಜನಕ್ಕೆ ಫೋನಿನಲ್ಲಿ ಹೇಳಬೇಕಲ್ಲ, ಅದು ಹತ್ತು ಸೆಕೆಂಡ್ ಅಲ್ಲ.

ನೈಟ್‌ಶಿಫ್ಟ್:
ನೀವು ಎರಡು ಬೇರೆ ಸ್ಕ್ರೀನ್‌ಗಳನ್ನು ಒಂದೇ ಅಂದುಕೊಂಡಿದ್ದೀರಿ. ಎಲ್ಲರೂ ಮಾಡುವ ತಪ್ಪೇ ಇದು, ನಾನೂ ಒಂದು ವಾರ ತಲೆ ಕೆರೆದುಕೊಂಡಿದ್ದೆ.

ಮೊದಲನೆಯದು ಮಷೀನ್ ಸೆಟಪ್ ಆಗುವಾಗ ಬರುವುದು. ಅದು ಆನ್ಸರ್ ಫೈಲಿನ ಮಾತು ಕೇಳುತ್ತದೆ, ನಿಮ್ಮದು ಅಲ್ಲಿ ಸರಿಯಾಗಿದೆ. ಎರಡನೆಯದು ಪ್ರತಿ ಹೊಸ ಬಳಕೆದಾರರ ಪ್ರೊಫೈಲ್ ತಯಾರಾಗುವಾಗ ಬರುವುದು. ಅದಕ್ಕೆ ಆನ್ಸರ್ ಫೈಲಿನ ಆ 3 ಗೊತ್ತೇ ಇಲ್ಲ. ಅದನ್ನು ನಿಲ್ಲಿಸಲು ವಿಂಡೋಸ್ 10ರ 1809 ಆವೃತ್ತಿಯಿಂದ ಬೇರೆ ಪಾಲಿಸಿ ಇದೆ. ಗ್ರೂಪ್ ಪಾಲಿಸಿಯಲ್ಲಿ (ಡೊಮೈನ್‌ನಿಂದ ಎಲ್ಲ ಮಷೀನ್‌ಗೂ ಕಳಿಸುವ ನಿಯಮಗಳು) ಕಂಪ್ಯೂಟರ್ ಕಾನ್ಫಿಗರೇಶನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ವಿಂಡೋಸ್ ಕಾಂಪೊನೆಂಟ್ಸ್, ಅದರೊಳಗೆ ಓಓಬಿಇ, ಅಂದರೆ ಮೊದಲ ಸಲ ಆನ್ ಮಾಡಿದಾಗಿನ ಸೆಟಪ್. ಅಲ್ಲಿರುವ ಪಾಲಿಸಿಯ ಹೆಸರು "ಡೋಂಟ್ ಲಾಂಚ್ ಪ್ರೈವಸಿ ಸೆಟ್ಟಿಂಗ್ಸ್ ಎಕ್ಸ್‌ಪೀರಿಯನ್ಸ್ ಆನ್ ಯೂಸರ್ ಲಾಗಾನ್". ಎನೇಬಲ್ ಮಾಡಿ.

ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗದಲ್ಲಿ, ಮಾಡುವುದಾದರೆ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಮೈಕ್ರೋಸಾಫ್ಟ್, ವಿಂಡೋಸ್, ಓಓಬಿಇ. ಅಲ್ಲಿ ಡಿಸೇಬಲ್ ಪ್ರೈವಸಿ ಎಕ್ಸ್‌ಪೀರಿಯನ್ಸ್ ಅಂತ ಒಂದು ಡಿವರ್ಡ್ (ಸಂಖ್ಯೆ ಇಡುವ ನಮೂದು), ಬೆಲೆ 1. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ ಅಷ್ಟೇ. ನೀವು ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ, ಕೊನೆಯ ಆ ಮೂರು ಪದಗಳ ನಡುವೆ ಜಾಗ ಬಿಡದೆ ಮಾಡಿ.

ಲ್ಯಾಬ್ ಮೇಷ್ಟ್ರು:
ನೈಟ್‌ಶಿಫ್ಟ್ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಅದನ್ನು ಗ್ರೂಪ್ ಪಾಲಿಸಿಯಲ್ಲಿ ಮಾತ್ರ ಇಟ್ಟು ಸುಮ್ಮನಾಗಬೇಡಿ.

ನಾನು ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುವವನು. 60 ಮಷೀನ್. ವಿದ್ಯಾರ್ಥಿ ಲಾಗ್ ಆಫ್ ಆದ ತಕ್ಷಣ ಪ್ರೊಫೈಲ್ ಅಳಿಸಿಹೋಗುವ ಹಾಗೆ ಇಟ್ಟಿದ್ದೇವೆ, ಇಲ್ಲದಿದ್ದರೆ ಡಿಸ್ಕ್ ತುಂಬುತ್ತದೆ. ಅಂದರೆ ನಮ್ಮಲ್ಲಿ ಎಲ್ಲರಿಗೂ ಯಾವಾಗಲೂ ಮೊದಲ ಲಾಗಿನ್. ಪ್ರಾಕ್ಟಿಕಲ್ ಪರೀಕ್ಷೆ ದಿನ ಬೆಳಿಗ್ಗೆ ಆರು ಮಷೀನ್‌ಗೆ ಹೊಸದಾಗಿ ಇಮೇಜ್ ಹಾಕಿದ್ದೆವು. ಆ ಸಾಲಿನ ನೆಟ್‌ವರ್ಕ್ ಸ್ವಿಚ್ ಆಫ್ ಇದ್ದದ್ದನ್ನು ಯಾರೂ ನೋಡಿಲ್ಲ, ಡೊಮೈನ್ ಕಡೆಯಿಂದ ಪಾಲಿಸಿ ಬಂದೇ ಇಲ್ಲ. ಪರೀಕ್ಷೆಗೆ ಇಟ್ಟಿದ್ದ ಲೋಕಲ್ ಅಕೌಂಟಿನಲ್ಲಿ ಮಕ್ಕಳು ಲಾಗಿನ್ ಆದರು, ನೀಲಿ ಸ್ಕ್ರೀನ್ ಬಂತು. ಒಬ್ಬಳು ಹುಡುಗಿ ಅದೇ ಮೊದಲ ಪ್ರಶ್ನೆ ಇರಬೇಕು ಅಂದುಕೊಂಡು ಪೂರ್ತಿ ಓದುತ್ತಾ ಕೂತಿದ್ದಳು. ಆ ಸ್ಕ್ರೀನನ್ನು ಪೂರ್ತಿ ಓದಿದವಳನ್ನು ನಾನು ನೋಡಿದ್ದು ಅದೊಂದೇ ಸಲ.

ಆವತ್ತಿನಿಂದ ಆ ರಿಜಿಸ್ಟ್ರಿ ಸಾಲನ್ನು ಆನ್ಸರ್ ಫೈಲಿನ ಸ್ಪೆಷಲೈಸ್ ಹಂತದಲ್ಲೇ ಒಂದು ಕಮಾಂಡ್ ಆಗಿ ಹಾಕುತ್ತೇನೆ. ಯಾರಾದರೂ ಲಾಗಿನ್ ಆಗುವ ಮೊದಲೇ ಅದು ಮಷೀನಿನಲ್ಲಿ ಕೂತಿರುತ್ತದೆ. ಗ್ರೂಪ್ ಪಾಲಿಸಿಯೂ ಇರಲಿ, ಯಾರಾದರೂ ಬದಲಿಸಿದರೆ ಅದು ಮತ್ತೆ ಸರಿ ಮಾಡುತ್ತದೆ.

ಹಳೇ ಸಿಸ್ಟಮ್:
ಇಷ್ಟೆಲ್ಲ ಯಾಕೆ? ಸ್ಕಿಪ್ ಮಷೀನ್ ಓಓಬಿಇ, ಸ್ಕಿಪ್ ಯೂಸರ್ ಓಓಬಿಇ ಎರಡಕ್ಕೂ ಟ್ರೂ ಕೊಟ್ಟರೆ ಮುಗಿಯಿತು. ವಿಂಡೋಸ್ 7 ಕಾಲದಿಂದ ಹಾಗೇ ಮಾಡುತ್ತಿದ್ದೇನೆ.

ನೈಟ್‌ಶಿಫ್ಟ್:
ಅಣ್ಣ, ಅವೆರಡೂ ಈಗ ಡೆಪ್ರಿಕೇಟೆಡ್, ಅಂದರೆ ಮೈಕ್ರೋಸಾಫ್ಟ್ ಕೈಬಿಟ್ಟದ್ದು. ನಾಳೆ ಇನ್ನೊಂದು ಅಪ್‌ಡೇಟ್ ಬಂದು ಅರ್ಧ ಸೆಟಪ್ ಆದ ಮಷೀನ್ ಕೈಗೆ ಸಿಕ್ಕರೆ ಯಾರನ್ನೂ ಕೇಳುವ ಹಾಗಿಲ್ಲ. ಒಂದೊಂದು ಪುಟವನ್ನೂ ಹೆಸರು ಹೇಳಿ ಹೈಡ್ ಮಾಡುವುದೇ ಕ್ಷೇಮ.

ಪೀಣ್ಯದ ಅಡ್ಮಿನ್:
ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರು ಹೇಳಿದ ಹಾಗೆ ಹಾಕಿದೆ. ಆದರೂ ಬರುತ್ತಿದೆ! ಪೂರ್ತಿ ಫೈಲನ್ನೇ ಇಲ್ಲಿ ಅಂಟಿಸಿದ್ದೇನೆ, ಯಾರಾದರೂ ನೋಡಿ ಹೇಳಿ. [ಫೈಲ್ ತೆಗೆಯಲಾಗಿದೆ]

ನೈಟ್‌ಶಿಫ್ಟ್:
ಮೊದಲು ಆ ಪೋಸ್ಟ್ ತೆಗೆಯಿರಿ! ಆಮೇಲೆ ಮಾತು.

ಆಟೋಲಾಗಾನ್ (ತಾನಾಗಿ ಲಾಗಿನ್ ಆಗುವ) ಭಾಗದಲ್ಲಿ ನಿಮ್ಮ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಇದೆ. ಅರ್ಥವಾಗದ ಅಕ್ಷರಗಳ ಹಾಗೆ ಕಾಣುತ್ತದೆ, ಆದರೆ ಅದು ಬರೀ ಬೇಸ್64, ಯಾರು ಬೇಕಾದರೂ ತಿರುಗಿಸಿ ಓದಬಹುದಾದ ಬರವಣಿಗೆ. ಬಚ್ಚಿಟ್ಟಂತೆ ಕಾಣುತ್ತದೆ ಹೊರತು ಬೀಗ ಹಾಕಿಲ್ಲ. ನಾನೀಗಲೇ ಓದಿದೆ, ಫ್ಯಾಕ್ಟರಿ ಹೆಸರು ಮತ್ತು ಒಂದು ಇಸವಿ ಅಲ್ವಾ? ಕೂಡಲೇ ಬದಲಿಸಿ.

ಇನ್ನೊಂದು. ಅದೇ ಫೈಲಿನ ಪ್ರತಿ ಒಂದೊಂದು ಮಷೀನಿನಲ್ಲೂ ಸಿ ಡ್ರೈವ್, ವಿಂಡೋಸ್, ಪ್ಯಾಂಥರ್ ಫೋಲ್ಡರಿನಲ್ಲಿ ಉಳಿದಿರುತ್ತದೆ. ಎಲ್ಲ ಮುಗಿದ ಮೇಲೆ ಅದನ್ನು ಅಳಿಸುವ ಒಂದು ಹಂತ ಇಟ್ಟುಕೊಳ್ಳಿ.

ಈಗ ನಿಮ್ಮ ಸಮಸ್ಯೆ. ಎರಡು ತಪ್ಪಿದೆ. ಒಂದು, ಕಮಾಂಡ್ ಹಾಕಿರುವ ಕಾಂಪೊನೆಂಟಿನಲ್ಲಿ ಆರ್ಕಿಟೆಕ್ಚರ್ ಎಕ್ಸ್86 ಅಂತಿದೆ, ಯಾವುದೋ ಹಳೆಯ 32 ಬಿಟ್ ಫೈಲಿನಿಂದ ಕಾಪಿ ಮಾಡಿದ್ದೀರಿ. ವಿಂಡೋಸ್ 11 ನಿಮ್ಮ ಮಷೀನಿನಲ್ಲಿ ಎಎಮ್‌ಡಿ64, ಅಂದರೆ 64 ಬಿಟ್. ಇಂಟೆಲ್ ಪ್ರೊಸೆಸರ್ ಆದರೂ ಹೆಸರು ಅದೇ, ಗಾಬರಿ ಬೇಡ. ಹೊಂದದಿದ್ದರೆ ಆ ಭಾಗವನ್ನು ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ, ಎರರ್ ಕೂಡ ತೋರಿಸುವುದಿಲ್ಲ. ಎರಡು, ದಾರಿಯಲ್ಲಿ "ಪಾಲಿಸೀಸ್" ಬಿಟ್ಟುಹೋಗಿದೆ. ಅದಿಲ್ಲದೆ ಬರೆದದ್ದನ್ನು ಯಾರೂ ಓದುವುದಿಲ್ಲ.

ಪೀಣ್ಯದ ಅಡ್ಮಿನ್:
ಅಯ್ಯೋ ದೇವರೇ. ತೆಗೆದೆ. ಪಾಸ್‌ವರ್ಡ್ ಬದಲಾಯಿಸಲು ಹುಡುಗನನ್ನು ಓಡಿಸಿದ್ದೇನೆ. ಎಕ್ಸ್86 ಸರಿ ಮಾಡುತ್ತೇನೆ. ಮುಖ ತೋರಿಸುವ ಹಾಗಿಲ್ಲ.

ಕ್ಲೌಡ್ ಗುರು:
ಈ ಕಾಲದಲ್ಲೂ ಎಂಡಿಟಿನಾ? ಅದರ ಕೊನೆಯ ಆವೃತ್ತಿ 8456 ಬಂದಿದ್ದು 2019ರ ಜನವರಿಯಲ್ಲಿ. ವಿಂಡೋಸ್ 11ಕ್ಕೆ ಅದರ ಸಪೋರ್ಟೇ ಇಲ್ಲ. ಆಟೋಪೈಲಟ್‌ಗೆ ಹೋಗಿ, ಇಂಟರ್ನೆಟ್ ಮೂಲಕವೇ ಮಷೀನ್ ಸೆಟಪ್ ಮಾಡುವ ಮೈಕ್ರೋಸಾಫ್ಟ್ ಸೇವೆ ಅದು. ಪ್ರೊಫೈಲಿನಲ್ಲಿ ಪ್ರೈವಸಿ ಸೆಟ್ಟಿಂಗ್ಸ್ ಮುಂದೆ "ಹೈಡ್" ಅಂತ ಒಂದು ಬಟನ್. ಒಂದು ಕ್ಲಿಕ್.

ಪೀಣ್ಯದ ಅಡ್ಮಿನ್:
ಒಂದು ಕ್ಲಿಕ್ ಮತ್ತು 140 ಲೈಸೆನ್ಸ್, ಗುರು. ಜೊತೆಗೆ ನಮ್ಮ ಶೆಡ್‌ನಲ್ಲಿ ಇಂಟರ್ನೆಟ್ ಮಧ್ಯಾಹ್ನದ ಮೇಲೆ ಎದ್ದು ಕೂರುತ್ತದೆ.

ನೈಟ್‌ಶಿಫ್ಟ್:
ಆಟೋಪೈಲಟ್ ಹೈಡ್ ಬಟನ್ನಿಗೂ ಒಂದು ಬಾಲ ಇದೆ. ಹೈಡ್ ಮಾಡಿದರೆ ಲೊಕೇಶನ್ ಆಫ್ ಆಗಿಯೇ ಇರುತ್ತದೆ. ಲೊಕೇಶನ್ ಇಲ್ಲದಿದ್ದರೆ ಟೈಮ್‌ ಝೋನ್ ತಾನಾಗಿ ಹಿಡಿಯುವುದಿಲ್ಲ. ಆಮೇಲೆ "ಗಡಿಯಾರ ತಪ್ಪು" ಅಂತ ಟಿಕೆಟ್‌ಗಳ ಸುರಿಮಳೆ.

ವಕೀಲಮ್ಮ:
ನಾನು ಐಟಿಯವಳಲ್ಲ, ತಮ್ಮ ಐಟಿಯಲ್ಲಿದ್ದಾನೆ, ಅವನು ಕಳಿಸಿದ್ದಕ್ಕೆ ಓದಿದೆ. ಒಂದು ದಡ್ಡ ಪ್ರಶ್ನೆ. ಸ್ಕ್ರೀನ್ ಬರದ ಹಾಗೆ ಮಾಡಿದಿರಿ, ಸರಿ. ಅದು ಕೇಳುತ್ತಿದ್ದ ಪ್ರಶ್ನೆಗಳಿಗೆ ಈಗ ಉತ್ತರ ಏನು? ಹೌದೋ, ಇಲ್ಲವೋ? ಇಷ್ಟು ಹೊತ್ತಾದರೂ ಯಾರೂ ಅದನ್ನು ಹೇಳಿಲ್ಲ.

ಕರಾವಳಿಯವ:
ಬರಲೇ ಇಲ್ಲ ಅಂದರೆ ಇಲ್ಲ ಅಂತಲೇ ಅಲ್ವಾ?

ನೈಟ್‌ಶಿಫ್ಟ್:
ಅಲ್ಲ. ಮೇಡಂ ಕೇಳಿದ್ದು ದಡ್ಡ ಪ್ರಶ್ನೆ ಅಲ್ಲ, ನಾವೆಲ್ಲ ತಪ್ಪಿಸಿಕೊಳ್ಳುವ ಪ್ರಶ್ನೆ.

ಸ್ಕ್ರೀನ್ ತೋರಿಸಬೇಡ ಅನ್ನುವ ಪಾಲಿಸಿ ಸ್ಕ್ರೀನ್ ಬರದ ಹಾಗೆ ಮಾಡುತ್ತದೆ, ಅಷ್ಟೇ. ಅದು ಯಾವ ಸ್ವಿಚ್ಚನ್ನೂ ಆನ್ ಅಥವಾ ಆಫ್ ಮಾಡುವುದಿಲ್ಲ. ಆನ್ಸರ್ ಫೈಲಿನ ಆ 3 ಸೆಟಪ್ ಹೊತ್ತಿನ ಎಕ್ಸ್‌ಪ್ರೆಸ್ ಆಯ್ಕೆಗಳನ್ನು ಆಫ್ ಮಾಡುತ್ತದೆ, ನಿಜ. ಆದರೆ ಅದು ಪಾಲಿಸಿ ಅಲ್ಲ, ಆಮೇಲೆ ಯಾರು ಬೇಕಾದರೂ ಸೆಟ್ಟಿಂಗ್ಸ್‌ಗೆ ಹೋಗಿ ತಿರುಗಿಸಬಹುದು. ಆದ್ದರಿಂದ ಸ್ಕ್ರೀನ್ ತೆಗೆದವರು ಒಂದೊಂದು ಪ್ರಶ್ನೆಗೂ ತಾವೇ ಉತ್ತರ ಬರೆದಿಡಬೇಕು. ನಾನು ಹೀಗೆ ಮಾಡುತ್ತೇನೆ.

ಡಯಾಗ್ನೋಸ್ಟಿಕ್ ಡೇಟಾಗೆ ಅಲೋ ಟೆಲಿಮೆಟ್ರಿ ಅನ್ನುವ ಬೆಲೆ ಇದೆ. 1 ಅಂದರೆ ಅಗತ್ಯದಷ್ಟು, 3 ಅಂದರೆ ಎಲ್ಲ. 0 ಕೊಟ್ಟರೆ ಪೂರ್ತಿ ನಿಲ್ಲುತ್ತದೆ ಅಂತ ಜನ ಹೇಳುತ್ತಾರೆ. ಅದು ಎಂಟರ್‌ಪ್ರೈಸ್, ಎಜುಕೇಶನ್, ಸರ್ವರ್ ಆವೃತ್ತಿಗಳಲ್ಲಿ ಮಾತ್ರ ನಿಜ. ಪ್ರೊನಲ್ಲಿ 0 ಕೊಟ್ಟರೂ 1 ಅಂತಲೇ ಲೆಕ್ಕ. ಪೀಣ್ಯದವರದು ಪ್ರೊ, ಹಾಗಾಗಿ 1 ಕೊಟ್ಟು ಅದನ್ನೇ ಬಾಸ್‌ಗೆ ಹೇಳಿ. "ಪೂರ್ತಿ ಆಫ್ ಮಾಡಿದ್ದೇನೆ ಸರ್" ಅಂತ ಮಾತ್ರ ಹೇಳಬೇಡಿ.

ಜಾಹೀರಾತು ಐಡಿ ಆಫ್. ಇದರಲ್ಲಿ ಯೋಚಿಸುವುದಕ್ಕೇ ಏನೂ ಇಲ್ಲ. ಸ್ಟೋರ್ಸ್‌ನಲ್ಲಿ ಬೋಲ್ಟ್ ಎಣಿಸುವವರಿಗೆ ಆಫೀಸ್ ಕಂಪ್ಯೂಟರ್ ಯಾಕೆ ಜಾಹೀರಾತು ತೋರಿಸಬೇಕು? ಟೇಲರ್ಡ್ ಎಕ್ಸ್‌ಪೀರಿಯನ್ಸ್ ಆಫ್. ಆದರೆ ಇದು ಯೂಸರ್ ಕಡೆಯ ಪಾಲಿಸಿ, ಮಷೀನ್ ಕಡೆ ಹುಡುಕಿದರೆ ಸಿಗುವುದಿಲ್ಲ. ಇಂಕಿಂಗ್ (ಸ್ಕ್ರೀನ್ ಮೇಲೆ ಪೆನ್ನಿನಲ್ಲಿ ಬರೆಯುವುದು), ಟೈಪಿಂಗ್ ಆಫ್. ಫೈಂಡ್ ಮೈ ಡಿವೈಸ್ ಮೈಕ್ರೋಸಾಫ್ಟ್‌ನ ವೈಯಕ್ತಿಕ ಅಕೌಂಟಿಗೆ ಅಂಟಿಕೊಂಡದ್ದು, ಡೊಮೈನ್ ಅಕೌಂಟಿನವರಿಗೆ ಉಪಯೋಗವಿಲ್ಲ, ಆಫ್.

ಉಳಿದದ್ದು ಲೊಕೇಶನ್. ಅದೊಂದು ಜಗಳದ ವಿಷಯ.

ಜರ್ಮನಿ ಕನ್ನಡಿಗ:
ಆ ಸ್ಕ್ರೀನ್ ಯಾಕೆ ಹುಟ್ಟಿತು ಅಂತ ನೋಡಿದರೆ ವಕೀಲಮ್ಮನವರ ಪ್ರಶ್ನೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 2015ರ ಜುಲೈನಲ್ಲಿ ವಿಂಡೋಸ್ 10 ಬಂದಾಗ ದೊಡ್ಡದಾಗಿ ಒಂದು "ಎಕ್ಸ್‌ಪ್ರೆಸ್ ಸೆಟ್ಟಿಂಗ್ಸ್" ಬಟನ್ ಇತ್ತು, ಕಸ್ಟಮೈಸ್ ಅನ್ನುವುದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ. ಎಲ್ಲರೂ ದೊಡ್ಡದನ್ನೇ ಒತ್ತಿದರು. 2016ರ ಜುಲೈನಲ್ಲಿ ಫ್ರಾನ್ಸಿನ ದತ್ತಾಂಶ ರಕ್ಷಣಾ ಸಂಸ್ಥೆ ಸಿಎನ್ಐಎಲ್, ಬೇಕಾದ್ದಕ್ಕಿಂತ ಜಾಸ್ತಿ ಮಾಹಿತಿ ತೆಗೆದುಕೊಳ್ಳುತ್ತಿದ್ದೀರಿ ಅಂತ ಮೈಕ್ರೋಸಾಫ್ಟ್‌ಗೆ ನೋಟಿಸ್ ಕೊಟ್ಟಿತು. 2017ರ ಏಪ್ರಿಲ್‌ನ ಕ್ರಿಯೇಟರ್ಸ್ ಅಪ್‌ಡೇಟ್‌ನಲ್ಲಿ ಎಕ್ಸ್‌ಪ್ರೆಸ್ ಬಟನ್ ಹೋಗಿ, ಒಂದೊಂದಕ್ಕೂ ಸ್ವಿಚ್ ಇರುವ ಈ ಪುಟ ಬಂತು. ಜೂನ್‌ನಲ್ಲಿ ಫ್ರಾನ್ಸಿನವರು ಆ ಪ್ರಕರಣ ಮುಗಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಸ್ಥೆ ಇನ್ನೂ ಸರಿಯಾಗಿಲ್ಲ ಅಂದಿತು.

ಅಂದರೆ ಜನರನ್ನು ಕೇಳಲೇಬೇಕು ಅಂತ ಜಗಳ ಮಾಡಿ ತಂದ ಪುಟ ಅದು. ನಾವು ಅಡ್ಮಿನ್‌ಗಳು ಅದನ್ನು ಕಿರಿಕಿರಿ ಅಂತ ತೆಗೆಯುತ್ತಿದ್ದೇವೆ. ನಾನೂ ತೆಗೆದಿದ್ದೇನೆ, ಇಲ್ಲ ಅನ್ನುವುದಿಲ್ಲ.

ಆದರೆ ಇಲ್ಲಿ ಸುಮ್ನೆ ತೆಗೆಯಲು ಬರುವುದಿಲ್ಲ. ಉದ್ಯೋಗಿಗಳ ಕೌನ್ಸಿಲ್ ಅಂತ ಇರುತ್ತದೆ, ಬೆಟ್ರೀಬ್ಸ್‌ರಾಟ್ ಅನ್ನುತ್ತಾರೆ. ಕೆಲಸದವರ ನಡವಳಿಕೆ ಗಮನಿಸಲು ಬಳಸಬಹುದಾದ ಯಾವ ತಾಂತ್ರಿಕ ಸಾಧನ ತಂದರೂ ಅವರ ಒಪ್ಪಿಗೆ ಬೇಕು, ಕಾನೂನಿನ 87ನೇ ಸೆಕ್ಷನ್. ಲೊಕೇಶನ್ ಆನ್ ಇಡುತ್ತೇವೆ ಅಂತ ನಾನು ಒಂದು ಸಾಲು ಬರೆದು ಕಳಿಸಿದ್ದಕ್ಕೆ ಮೂರು ಮೀಟಿಂಗ್ ಆಯಿತು. ಕೊನೆಗೆ ಆದದ್ದು ಇಷ್ಟು: ಸ್ಕ್ರೀನ್ ಬರುವುದಿಲ್ಲ, ಆದರೆ ಮೊದಲ ದಿನ ಪ್ರತಿಯೊಬ್ಬರಿಗೂ ಒಂದು ಪುಟ ಕೊಡುತ್ತೇವೆ, ಯಾವುದು ಆನ್, ಯಾವುದು ಆಫ್, ಯಾಕೆ, ಯಾರನ್ನು ಕೇಳಬೇಕು. ಮೊದಲ ಮೀಟಿಂಗಿನಲ್ಲಿ ಬೈದುಕೊಂಡೆ. ಈಗ ಅನಿಸುತ್ತದೆ, ಆ ಕಾಗದ ನೀಲಿ ಸ್ಕ್ರೀನಿಗಿಂತ ಚೆನ್ನಾಗಿದೆ. ಜನ ಅದನ್ನು ಓದಿದ್ದಾರೆ.

ವಕೀಲಮ್ಮ:
ನಮ್ಮಲ್ಲಿ ಅಂಥ ಕೌನ್ಸಿಲ್ ಇಲ್ಲ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ ಇದೆ. 2025ರ ನವೆಂಬರ್‌ನಲ್ಲಿ ಅದರ ನಿಯಮಗಳೂ ಬಂದವು, ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಸಮಯ ಕೊಟ್ಟಿದ್ದಾರೆ. ಒಪ್ಪಿಗೆ ಸ್ವತಂತ್ರವಾಗಿ, ತಿಳಿದು, ಷರತ್ತಿಲ್ಲದೆ ಕೊಟ್ಟಿರಬೇಕು ಅಂತ 6ನೇ ಸೆಕ್ಷನ್. ಈಗ ಅಕೌಂಟ್ಸ್ ಮೇಡಂ ಕೇಳಿದ್ದನ್ನು ನೆನಪಿಸಿಕೊಳ್ಳಿ. ಸಂಬಳ ಕಟ್ ಆಗುತ್ತಾ ಅಂತ ಹೆದರಿಕೊಂಡು ಒತ್ತಿದ ಬಟನ್ ಎಂಥ ಒಪ್ಪಿಗೆ? ನನ್ನ ದೃಷ್ಟಿಯಲ್ಲಿ ಆ ಸ್ಕ್ರೀನನ್ನು ಆಫೀಸಿನ ಮಷೀನಿನಲ್ಲಿ ತೋರಿಸುವುದೇ ಒಂಥರಾ ನಾಟಕ. ತೆಗೆಯಿರಿ, ಬೇಜಾರಿಲ್ಲ.

7ನೇ ಸೆಕ್ಷನ್ ಉದ್ಯೋಗದ ಉದ್ದೇಶಕ್ಕೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಲು ಬಿಡುತ್ತದೆ. ಹಾಗಂತ ಅದು ಖಾಲಿ ಚೆಕ್ ಅಲ್ಲ. ಜಾಹೀರಾತು ಐಡಿಗೂ ಉದ್ಯೋಗಕ್ಕೂ ಏನು ಸಂಬಂಧ? ಲೊಕೇಶನ್ ಆದರೆ ಡ್ರೈವರ್‌ಗೆ, ಸರ್ವಿಸ್ ಎಂಜಿನಿಯರ್‌ಗೆ ಸಂಬಂಧ ಇರಬಹುದು, ಟೈಪಿಸ್ಟ್‌ಗೆ ಇಲ್ಲ.

ಹಳೇ ಸಿಸ್ಟಮ್:
ಲೊಕೇಶನ್ ಎಲ್ಲರಿಗೂ ಆಫ್ ಮಾಡಿ ಬಿಸಾಕಿ. ಡೆಸ್ಕ್‌ಟಾಪ್ ಎಲ್ಲಿಗೆ ಓಡಿಹೋಗುತ್ತದೆ?

ನೈಟ್‌ಶಿಫ್ಟ್:
ಡೆಸ್ಕ್‌ಟಾಪ್‌ಗೆ ಒಪ್ಪುತ್ತೇನೆ. ಲ್ಯಾಪ್‌ಟಾಪ್‌ಗೆ ಸ್ವಲ್ಪ ಯೋಚಿಸಿ. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದ ಮೇಲೆ ವೈಫೈ ಮಾಹಿತಿ ನೋಡುವ ಕಮಾಂಡ್‌ಗಳಿಗೂ ಲೊಕೇಶನ್ ಅನುಮತಿ ಬೇಕು. ನೆಟ್‌ವರ್ಕ್ ತೊಂದರೆ ಹುಡುಕುವಾಗ ನಿಮ್ಮ ಕೈಯನ್ನೇ ನೀವು ಕಟ್ಟಿಕೊಂಡ ಹಾಗೆ ಆಗುತ್ತದೆ. ಗಡಿಯಾರದ ಕಥೆ ಬೇರೆ.

ಗಡಿಯಾರ ಅಂದದ್ದಕ್ಕೆ ನೆನಪಾಯಿತು. ನಾನು ಹಿಂದೆ ಇದ್ದ ಕಡೆ ಆನ್ಸರ್ ಫೈಲಿನಲ್ಲಿ ಟೈಮ್‌ ಝೋನ್ ಬರೆಯಲು ಮರೆತಿದ್ದರು. ಅಮೆರಿಕನ್ ಇಂಗ್ಲಿಷ್ ಇಮೇಜ್ ಬೇರೆ. 30 ಲ್ಯಾಪ್‌ಟಾಪ್ ಪೆಸಿಫಿಕ್ ಸಮಯದಲ್ಲಿ ಎದ್ದವು. ಚಳಿಗಾಲ, ಹದಿಮೂರೂವರೆ ಗಂಟೆ ಹಿಂದೆ. ಒಬ್ಬ ಸೂಪರ್‌ವೈಸರ್‌ಗೆ ಅಡ್ಮಿನ್ ಹಕ್ಕು ಇತ್ತು. ಅವರು ಝೋನ್ ಬದಲಿಸುವ ಬದಲು ಗಡಿಯಾರವನ್ನೇ ಹದಿಮೂರೂವರೆ ಗಂಟೆ ಮುಂದೆ ತಳ್ಳಿದರು. ನೋಡಲು ಸರಿಯಾದ ಸಮಯ. ಒಳಗೆ ಲೆಕ್ಕ ಪೂರ್ತಿ ತಲೆಕೆಳಗು, ಯಾಕೆಂದರೆ ಡೊಮೈನ್ ನೋಡುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯವನ್ನು. ಡೊಮೈನ್ ಲಾಗಿನ್ ಪರಿಶೀಲಿಸುವ ಕೆರ್ಬೆರೋಸ್ ಸಾಮಾನ್ಯವಾಗಿ 5 ನಿಮಿಷದ ವ್ಯತ್ಯಾಸ ಮಾತ್ರ ಸಹಿಸುತ್ತದೆ. ಮಾರನೇ ದಿನ ಲಾಗಿನ್ ಇಲ್ಲ, ಸರ್ವರ್‌ಗೂ ನಿಮಗೂ ಸಮಯ ಹೊಂದುತ್ತಿಲ್ಲ ಅಂತ ಎರರ್. ಅವರು ಮಾತ್ರ ಕೈಗಡಿಯಾರ ಹಿಡಿದು ತೋರಿಸುತ್ತಾ, "ನೋಡ್ರೀ, ಸರಿಯಾಗೇ ಇದೆಯಲ್ಲ!" ಅನ್ನುತ್ತಿದ್ದರು.

ಆದ್ದರಿಂದ ಪೀಣ್ಯದವರೇ, ಎಂಡಿಟಿಯ ಕಸ್ಟಮ್ ಸೆಟ್ಟಿಂಗ್ಸ್ ಫೈಲಿನಲ್ಲಿ ಇಂಡಿಯಾ ಸ್ಟ್ಯಾಂಡರ್ಡ್ ಟೈಮ್ ಅಂತ ನೀವೇ ಬರೆದುಬಿಡಿ. ಆಮೇಲೆ ಲೊಕೇಶನ್ ಏನಾದರೂ ಮಾಡಿಕೊಳ್ಳಿ.

ಡಿಸೈನ್ ಟೀಮ್:
ನಮ್ಮಲ್ಲಿ ಹದಿನೈದು ಮ್ಯಾಕ್ ಇವೆ, ಅಲ್ಲೂ ಹೀಗೆ ಮಾಡಬಹುದಾ?

ಜರ್ಮನಿ ಕನ್ನಡಿಗ:
ಮಾಡಬಹುದು. ಎಂಡಿಎಂ (ಕಂಪನಿಯ ಮಷೀನ್‌ಗಳನ್ನು ದೂರದಿಂದ ನೋಡಿಕೊಳ್ಳುವ ವ್ಯವಸ್ಥೆ) ಪ್ರೊಫೈಲಿನ ಸೆಟಪ್ ಅಸಿಸ್ಟೆಂಟ್ ಭಾಗದಲ್ಲಿ ಸ್ಕಿಪ್ ಪ್ರೈವಸಿ ಸೆಟಪ್ ಅನ್ನುವ ಕೀ ಇದೆ, ಸಿರಿಗೆ, ಐಕ್ಲೌಡ್‌ಗೆ ಬೇರೆ ಬೇರೆ ಇವೆ. ಆದರೆ ಕ್ಯಾಮೆರಾ, ಮೈಕ್ ಅನುಮತಿಯನ್ನು ಆಪಲ್ ಅಡ್ಮಿನ್ ಕೈಗೆ ಕೊಡುವುದಿಲ್ಲ. ಬೇಡ ಅನ್ನಬಹುದು, ಬೇಕು ಅನ್ನಲು ಬರುವುದಿಲ್ಲ. ಅದನ್ನು ಕೂತವರೇ ಒತ್ತಬೇಕು. ಈ ವಿಷಯದಲ್ಲಿ ಆಪಲ್ ಮಾಡಿದ್ದು ಸರಿ ಅಂತ ನನ್ನ ಅಭಿಪ್ರಾಯ, ಬೈಯುವವರು ಬೈಯಿರಿ.

ಪೀಣ್ಯದ ಅಡ್ಮಿನ್:
ಒಂದು ವಾರದ ಮೇಲೆ ವರದಿ. ಎಎಮ್‌ಡಿ64 ಮಾಡಿದೆ, ಪಾಲಿಸೀಸ್ ಸೇರಿಸಿದೆ, ನೀಲಿ ಸ್ಕ್ರೀನ್ ಹೋಯಿತು. ಮೊದಲ 20 ಮಷೀನ್ ಟೇಬಲ್ ಸೇರಿವೆ. ಲೊಕೇಶನ್ ಡೆಸ್ಕ್‌ಟಾಪ್‌ಗೆಲ್ಲ ಆಫ್, ಸರ್ವಿಸ್‌ಗೆ ಹೊರಗೆ ಹೋಗುವ ಎಂಟು ಜನರ ಲ್ಯಾಪ್‌ಟಾಪ್‌ಗೆ ಅವರನ್ನು ಕೇಳಿ ಆನ್. ಇಬ್ಬರು ಬೇಡ ಅಂದರು, ಅವರಿಗೆ ಆಫ್. ಪ್ಯಾಂಥರ್ ಫೋಲ್ಡರ್ ಕೂಡ ಒರೆಸಿದ್ದೇನೆ.

ಜರ್ಮನಿಯವರ ಕಾಗದದ ಐಡಿಯಾ ಹಿಡಿಸಿತು. ಕನ್ನಡದಲ್ಲೇ ಅರ್ಧ ಪುಟ ಬರೆದು ಸ್ಟೋರ್ಸ್ ಕಂಪ್ಯೂಟರ್ ಪಕ್ಕ ಅಂಟಿಸಿದೆ. ಡಯಾಗ್ನೋಸ್ಟಿಕ್ ಡೇಟಾಗೆ ಕನ್ನಡ ಏನು ಬರೆಯುವುದು ಅಂತ ಅರ್ಧ ಗಂಟೆ ಕೂತಿದ್ದೆ. ಕೊನೆಗೆ "ಕಂಪ್ಯೂಟರ್ ಕೆಟ್ಟರೆ ಏನಾಯಿತು ಅಂತ ಕಂಪನಿಗೆ ತಿಳಿಸುವ ಮಾಹಿತಿ, ಕಡಿಮೆ ಮಟ್ಟದಲ್ಲಿ ಆನ್ ಇದೆ, ಪೂರ್ತಿ ಆಫ್ ಆಗುವುದಿಲ್ಲ" ಅಂತ ಬರೆದೆ. ಎರಡನೇ ಶಿಫ್ಟ್‌ನವರು ಒಬ್ಬರು ಓದಿ, "ಪೂರ್ತಿ ಯಾಕೆ ಆಫ್ ಆಗಲ್ಲ?" ಅಂತ ಕೇಳಿದರು. ಆವೃತ್ತಿ, ಲೈಸೆನ್ಸ್ ಅಂತ ವಿವರಿಸಿದೆ. ಅವರಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ.

ಈಗ ಹೊಸ ತಲೆನೋವು. ಮೂರನೇ ದಿನ ಅಕೌಂಟ್ಸ್ ಮೇಡಂಗೆ ಇನ್ನೊಂದು ಸ್ಕ್ರೀನ್ ಬಂತು, "ನಿಮ್ಮ ಡಿವೈಸ್ ಸೆಟಪ್ ಮುಗಿಸೋಣ" ಅಂತ. ಇದು ಯಾವ ಗಿರಾಕಿ?

ನೈಟ್‌ಶಿಫ್ಟ್:
ಅದು ಸ್ಕೂಬಿ, ಬೇರೆಯೇ ಸಂತಾನ. ಪ್ರೈವಸಿಗೂ ಅದಕ್ಕೂ ಸಂಬಂಧವಿಲ್ಲ, ಒನ್‌ಡ್ರೈವ್ ಮಾರಲು ಬಂದದ್ದು. ಕರೆಂಟ್ ಯೂಸರ್ ಕಡೆ, ಯೂಸರ್ ಪ್ರೊಫೈಲ್ ಎಂಗೇಜ್‌ಮೆಂಟ್ ಅನ್ನುವ ಕೀ ಒಳಗೆ ಸ್ಕೂಬಿ ಸಿಸ್ಟಮ್ ಸೆಟ್ಟಿಂಗ್ ಎನೇಬಲ್ಡ್ ಅಂತ ಇದೆ, 0 ಮಾಡಿ. ಸ್ಕೂಬಿ ಸ್ಪೆಲಿಂಗ್ ಎಸ್, ಸಿ, ಎರಡು ಓ, ಬಿ, ಇ. ಹೊಸ ಮಷೀನ್‌ಗಳಿಗೆ ಡೀಫಾಲ್ಟ್ ಯೂಸರ್ ಪ್ರೊಫೈಲಿನ ರಿಜಿಸ್ಟ್ರಿ ಹೈವ್ (ಆ ಪ್ರೊಫೈಲಿನ ರಿಜಿಸ್ಟ್ರಿ ಇರುವ ಫೈಲ್) ಲೋಡ್ ಮಾಡಿ ಅಲ್ಲೇ ಬರೆದರೆ ಎಲ್ಲ ಹೊಸ ಬಳಕೆದಾರರಿಗೂ ಸಿಗುತ್ತದೆ. ಹೈವ್ ಅನ್‌ಲೋಡ್ ಮಾಡಲು ಮರೆಯಬೇಡಿ.

ಪೀಣ್ಯದ ಅಡ್ಮಿನ್:
ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ. ಮೇಡಂ ಆ ಸ್ಕ್ರೀನನ್ನು ಇನ್ನೂ ಮುಟ್ಟಿಲ್ಲ. ಮೊನ್ನೆಯಿಂದ ಪಕ್ಕದ ಟೇಬಲ್‌ನ ಹಳೇ ವಿಂಡೋಸ್ 10ರಲ್ಲಿ ವೋಚರ್ ಹಾಕುತ್ತಿದ್ದಾರಂತೆ.